ಓಟಿಎಸ್ ಎಂದು ಬರೆದವಳು ನಾನೇ

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ನಾನು ಆಗ ಜಯನಗರದ ಒಂದು ಆರ್ಕಿಟೆಕ್ಟ್ ಆಫೀಸಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಮನೆಗಳ ಪ್ಲಾನ್ ಬರೆಯುತ್ತಿದ್ದೆ. ಒಂದು ಮಧ್ಯಾಹ್ನ ಟೈ ಕಟ್ಟಿದ ಸೇಲ್ಸ್‌ನವನೊಬ್ಬ ಉದ್ದನೆಯ ರಟ್ಟಿನ ಡಬ್ಬ ಹೊತ್ತು ಬಂದ. ಡಬ್ಬದಲ್ಲಿದ್ದದ್ದು ಬೆಳಕಿನ ಪೈಪು. ತಾರಸಿಯ ಮೇಲೆ ಬೋಗುಣಿ ಮಗುಚಿ ಹಾಕಿದಂಥ ಒಂದು ಗುಮ್ಮಟ, ಅದರ ಕೆಳಗೆ ಒಳಮೈಯೆಲ್ಲ ಕನ್ನಡಿಯಂತೆ ಹೊಳೆಯುವ ಕೊಳವೆ. ಬಿಸಿಲು ಗುಮ್ಮಟದೊಳಗೆ ಇಳಿದು, ಕೊಳವೆಯ ಗೋಡೆಗಳಿಗೆ ಬಡಿಬಡಿದು ಕೆಳಗೆ ಬಂದು, ಕಿಟಕಿಯೇ ಇಲ್ಲದ ಕೋಣೆಯ ಸೂರಿನಲ್ಲಿ ಹಾಲುಬಿಳುಪಿನ ಬಿಲ್ಲೆಯಾಗಿ ಬೆಳಗುತ್ತದಂತೆ. ಅವನು ಅದನ್ನು ಮಾಡಿಯೂ ತೋರಿಸಿದ. ಆಫೀಸಿನ ಹುಡುಗರು ಸಖತ್ತಾಗಿದೆ ಎಂದು ಚಪ್ಪಾಳೆ ತಟ್ಟಿದರು.

ನಾನು ಮಾತ್ರ, ಆ ಕೋಣೆಗೆ ಕಿಟಕಿ ಯಾಕಿಲ್ಲ ಎಂದು ಕೇಳಿದೆ. ಪಕ್ಕದ ಬಿಲ್ಡಿಂಗು ಅಂಟಿಕೊಂಡಿದೆಯಲ್ಲ ಮೇಡಂ ಎಂದ. ಅದು ಯಾಕೆ ಅಂಟಿಕೊಂಡಿತು ಎಂದು ಕೇಳಿದೆ. ಅವನು ಪಾಪ, ಪೈಪು ಮಾರಲು ಬಂದವನು, ಏನು ಹೇಳಿಯಾನು? ಹುಡುಗರು ನನ್ನ ಮುಖ ನೋಡಿದರು. ಮೇಡಂಗೆ ಇವತ್ತು ತಲೆ ಸರಿಯಿಲ್ಲ ಎಂದುಕೊಂಡಿರಬೇಕು. ತಲೆ ಸರಿಯಾಗಿಯೇ ಇತ್ತು, ಹೊಟ್ಟೆ ಉರಿಯುತ್ತಿತ್ತು. ಈ ಊರಿನಲ್ಲಿ ಮೊದಲು ಇನ್ನೊಬ್ಬರ ಬೆಳಕನ್ನು ಕಿತ್ತುಕೊಳ್ಳುತ್ತಾರೆ, ಆಮೇಲೆ ಅದನ್ನೇ ಪೈಪಿನಲ್ಲಿ ತುಂಬಿ ತಂದು ಮಾರುತ್ತಾರೆ. ಕಿತ್ತುಕೊಂಡವರ ಸಾಲಿನಲ್ಲಿ ಒಂದು ಕಾಲದಲ್ಲಿ ನಾನೂ ನಿಂತಿದ್ದೆ ಎನ್ನುವುದನ್ನು ಅವತ್ತು ಯಾರಿಗೂ ಹೇಳಲಿಲ್ಲ. ಈಗ ಹೇಳುತ್ತೇನೆ.

ತೊಂಬತ್ತರ ದಶಕದ ನಡುವಿನ ಮಾತು. ನಾವು ಬನಶಂಕರಿಯಲ್ಲಿ ಒಂದು ಒಂಟಿ ಅಂತಸ್ತಿನ ಮನೆಯಲ್ಲಿ ಬಾಡಿಗೆಗೆ ಇದ್ದೆವು. ಅಪ್ಪ ತೀರಿಕೊಂಡಿದ್ದರು, ಮನೆಯಲ್ಲಿ ನಾನು ಮತ್ತು ಅಮ್ಮ ಇಬ್ಬರೇ. ಅಮ್ಮ ಡಾರ್ನಿಂಗ್ ಮಾಡುತ್ತಿದ್ದಳು. ರೇಷ್ಮೆ ಸೀರೆಗೆ ಮೊಳೆ ತಾಗಿಯೋ, ಇಲಿ ಕಚ್ಚಿಯೋ ತೂತಾದರೆ, ಅದೇ ಸೀರೆಯ ಒಳಸೆರಗಿನ ಅಂಚಿನಿಂದ ಎಳೆ ಬಿಡಿಸಿ, ಆ ಎಳೆಯಿಂದಲೇ ತೂತನ್ನು ನೇಯ್ದು ಮುಚ್ಚುವ ಕೆಲಸ. ಉದ್ದಕ್ಕೆ ಒಂದು ಸಾಲು, ಅಡ್ಡಕ್ಕೆ ಒಂದು ಸಾಲು, ಮೇಲೆ ಕೆಳಗೆ, ಮೇಲೆ ಕೆಳಗೆ. ಮುಗಿದ ಮೇಲೆ ತೂತು ಎಲ್ಲಿತ್ತೆಂದು ಸೀರೆಯ ಒಡತಿಗೂ ಗೊತ್ತಾಗಬಾರದು. ಗೊತ್ತಾಗುತ್ತಲೂ ಇರಲಿಲ್ಲ. ಜಯನಗರ ಫೋರ್ತ್ ಬ್ಲಾಕಿನ ಅಂಗಡಿಗಳವರು ತಮ್ಮ ಕೈಲಾಗದ ಸೀರೆಗಳನ್ನು ನಮ್ಮ ಮನೆಗೆ ಕಳಿಸುತ್ತಿದ್ದರು.

ಆ ಕೆಲಸಕ್ಕೆ ಸೂಜಿಗಿಂತ ಮುಖ್ಯವಾದದ್ದು ಬೆಳಕು. ಸೀರೆ ಅಂಗಡಿಗೆ ಹೋದವರೆಲ್ಲ ಬಲ್ಲ ವಿಷಯ ಇದು: ಒಳಗೆ ಎಷ್ಟೇ ದೀಪ ಹಾಕಿರಲಿ, ಹೆಂಗಸರು ಸೀರೆಯ ಒಂದು ತುದಿ ಹಿಡಿದು ಬಾಗಿಲಿಗೆ ಬರುತ್ತಾರೆ, ಬಿಸಿಲಿಗೆ ಹಿಡಿದು ನೋಡುತ್ತಾರೆ, ಆಮೇಲೆ ಬಣ್ಣ ಒಪ್ಪುತ್ತಾರೆ. ಟ್ಯೂಬ್‌ಲೈಟು ಎಲ್ಲ ಬಣ್ಣಕ್ಕೂ ಸುಳ್ಳು ಹೇಳುತ್ತದೆ ಎನ್ನುವುದು ಅಮ್ಮನ ಮಾತು. ನಮ್ಮ ನಡುಕೋಣೆಗೆ ಪೂರ್ವಕ್ಕೆ ಒಂದು ದೊಡ್ಡ ಕಿಟಕಿಯಿತ್ತು. ಆಚೆಗೆ ಪಾರ್ಥೇನಿಯಂ ಬೆಳೆದ ಖಾಲಿ ಸೈಟು. ಅಮ್ಮ ಆ ಕಿಟಕಿಯ ಕೆಳಗೆ ಚಾಪೆ ಹಾಸಿ ಬೆಳಿಗ್ಗೆ ಕೂತರೆ ಮಧ್ಯಾಹ್ನ ಮೂರರ ತನಕ ಏಳುತ್ತಿರಲಿಲ್ಲ.

ನಾನು ಡಿಪ್ಲೊಮಾ ಮುಗಿಸಿ ಒಬ್ಬ ಆರ್ಕಿಟೆಕ್ಟರ ಹತ್ತಿರ ಕೆಲಸಕ್ಕಿದ್ದೆ. ಹೆಂಗಸಾದರೂ ಹುದ್ದೆಯ ಹೆಸರು ಡ್ರಾಫ್ಟ್ಸ್‌ಮನ್ನೇ. ಆಗ ಎಲ್ಲ ಕೈಯಲ್ಲೇ. ಟ್ರೇಸಿಂಗ್ ಶೀಟಿನ ಮೇಲೆ ಇಂಕಿನಲ್ಲಿ ಬರೆಯುವುದು, ತಪ್ಪಾದರೆ ಬ್ಲೇಡಿನಲ್ಲಿ ಹಗುರವಾಗಿ ಕೆರೆದು ಅದರ ಮೇಲೆ ಮತ್ತೆ ಬರೆಯುವುದು. ನನ್ನ ಅಕ್ಷರ ಚೆನ್ನಾಗಿತ್ತು. ಹಾಗಾಗಿ ಮಂಜೂರಾತಿಗೆ ಹೋಗುವ ಪ್ಲಾನುಗಳೆಲ್ಲ ನನ್ನ ಪಾಲಿಗೆ. ಅವುಗಳಲ್ಲಿ ನಾನು ಅತಿ ಹೆಚ್ಚು ಸಲ ಬರೆದದ್ದು ಇಂಗ್ಲಿಷಿನ ಮೂರು ಅಕ್ಷರ, ಓಟಿಎಸ್. ಓಪನ್ ಟು ಸ್ಕೈ. ಮನೆಯ ನಡುವೆಯೋ ಪಕ್ಕದಲ್ಲೋ ಮೇಲೆ ಸೂರು ಹಾಕದೆ ಆಕಾಶಕ್ಕೆ ಬಿಟ್ಟ ಜಾಗ. ಒಳಗಿನ ಕೋಣೆಗಳಿಗೆ ಗಾಳಿ ಬೆಳಕು ಇಳಿಯಲಿ ಎಂದು. ಒಂದು ಚೌಕ, ಮೂಲೆಯಿಂದ ಮೂಲೆಗೆ ಎರಡು ಗೆರೆ, ನಡುವೆ ಆ ಮೂರು ಅಕ್ಷರ. ಎಷ್ಟು ಮನೆಗಳ ಹೊಟ್ಟೆಯಲ್ಲಿ ನಾನು ಆಕಾಶ ಬರೆದಿದ್ದೇನೆ ಎಂದು ಹೆಮ್ಮೆಯಿತ್ತು.

ಒಂದು ದಿನ ಸಾರ್ ಹೊಸ ಫೈಲು ಕೊಟ್ಟರು. ಫೈಲಿನಲ್ಲಿ ಸೈಟಿನ ಚೆಕ್ಕುಬಂದಿ ಇರುತ್ತದೆ, ನಾಲ್ಕು ದಿಕ್ಕಿಗೆ ಏನೇನಿದೆ ಎನ್ನುವ ವಿವರ. ಪಶ್ಚಿಮಕ್ಕೆ ಎನ್ನುವ ಕಡೆ ನಮ್ಮ ಮನೆಯ ನಂಬರು ಕಂಡಿತು. ನಮ್ಮ ಪಕ್ಕದ ಖಾಲಿ ಸೈಟೇ. ಮೂರಂತಸ್ತು. ಬರೆಯುವವಳು ನಾನೇ ಅಲ್ಲವೇ ಎಂದು ಸಮಾಧಾನ ಮಾಡಿಕೊಂಡೆ. ನಿಯಮದಂತೆ ನಮ್ಮ ಕಡೆಗೆ ಬಿಡಬೇಕಾದ ಐದಡಿಯನ್ನು ಒಂದಂಗುಲವೂ ಕಡಿಮೆಯಾಗದಂತೆ ಬಿಟ್ಟೆ. ಅಷ್ಟೇ ಅಲ್ಲ, ಒಂದು ಕಳ್ಳತನವನ್ನೂ ಮಾಡಿದೆ. ಸಾರ್ ಪೆನ್ಸಿಲಿನಲ್ಲಿ ಹಿಂದುಗಡೆ ಗುರುತು ಮಾಡಿದ್ದ ಓಟಿಎಸ್ಸನ್ನು ಸರಿಸಿ, ಸರಿಯಾಗಿ ಅಮ್ಮನ ಕಿಟಕಿಯ ಎದುರಿಗೆ ತಂದು ಕೂರಿಸಿದೆ. ಸಾರ್ ಸಹಿ ಹಾಕುವಾಗ ಅದನ್ನು ನೋಡಿದರು, ಜಾಗ ಬದಲಾದದ್ದು ಅವರಿಗೆ ತಿಳಿಯಿತು.

"ಎಲ್ಲಿ ಹಾಕಿದ್ರೂ ಒಂದೇ, ಬಿಡಮ್ಮ," ಎಂದು ನಕ್ಕು ಸಹಿ ಹಾಕಿದರು.

ಎಷ್ಟು ಒಳ್ಳೆಯವರು ಎಂದುಕೊಂಡೆ. ಮನೆಗೆ ಬಂದು ಅಮ್ಮನಿಗೆ, ಪಕ್ಕದಲ್ಲಿ ಮನೆ ಏಳುತ್ತಂತೆ, ನೀನು ಹೆದರಬೇಡ, ನಿನ್ನ ಕಿಟಕಿಯ ಮುಂದೆ ಆಕಾಶ ಬಿಡಿಸಿದ್ದೇನೆ ಎಂದು ಜಂಬದಿಂದ ಹೇಳಿದೆ. ಅಮ್ಮ ನಂಬಿದಳು. ನಂಬದೆ ಏನು, ಮಗಳು ಓದಿದವಳು, ಕೈಯಾರೆ ಬರೆದವಳು.

ಪಾಯ ತೆಗೆದ ದಿನವೇ ನನಗೆ ಅನುಮಾನ ಬಂತು. ಸುಣ್ಣದ ಗೆರೆ ನಮ್ಮ ಕಾಂಪೌಂಡಿನಿಂದ ಒಂದೂವರೆ ಅಡಿಗೆ ಬಿದ್ದಿತ್ತು. ಮೇಸ್ತ್ರಿಯನ್ನು ಕೇಳಿದೆ. ಅವನು ಮಡಿಚಿದ ನಕ್ಷೆ ಬಿಚ್ಚಿ ತೋರಿಸಿದ. ಅದು ನಾನು ಬರೆದದ್ದಲ್ಲ. ಅದೇ ಸೈಟು, ಅದೇ ಆಫೀಸಿನ ಹೆಸರು, ಆದರೆ ಗೋಡೆ ಒಂದೂವರೆ ಅಡಿಗೆ. ನನ್ನ ಓಟಿಎಸ್ ಇದ್ದ ಜಾಗದಲ್ಲಿ ಸ್ಟೋರ್ ರೂಮು ಎಂದು ಬರೆದಿತ್ತು. ಮಂಜೂರಾತಿಗೆ ಒಂದು ಪ್ಲಾನು, ಕಟ್ಟುವುದಕ್ಕೆ ಇನ್ನೊಂದು. ಎರಡನೆಯದನ್ನು ಸಾರ್ ಮನೆಯಲ್ಲಿ ಕೂತು ತಾವೇ ಬರೆಯುತ್ತಿದ್ದರಂತೆ. ಅವರ ಹತ್ತಿರ ಎರಡು ವರ್ಷ ಕೆಲಸ ಮಾಡಿದ್ದ ನನಗೆ ಇದು ಗೊತ್ತಿರಲಿಲ್ಲ, ಗಾರೆ ಕಲಸುವವನಿಗೆ ಗೊತ್ತಿತ್ತು.

ಸಾರ್‌ಗೆ ಹೇಳಿದರೆ, ಎಲ್ಲರೂ ಮಾಡುವುದೇ ಇದು, ಸೈಟಿಗೆ ಅಷ್ಟು ದುಡ್ಡು ಸುರಿದವರು ಆಕಾಶಕ್ಕೆ ಯಾಕೆ ಜಾಗ ಬಿಡುತ್ತಾರೆ ಎಂದರು. ಸೈಟಿನ ಯಜಮಾನರ ಹತ್ತಿರ ನಾನೇ ಹೋದೆ. ನಿವೃತ್ತರು, ಹಣೆಗೆ ನಾಮ, ಮಾತು ಬೆಣ್ಣೆಯಷ್ಟು ಮೆತ್ತಗೆ. ಪ್ಲಾನಿನ ಪ್ರತಿಯನ್ನು ಅವರ ಮುಂದೆ ಹರಡಿ, ಅಂಕಲ್, ಇಲ್ಲಿ ಐದಡಿ ಇದೆ, ಇಲ್ಲಿ ಓಟಿಎಸ್ ಇದೆ, ನೀವೇ ಸಹಿ ಹಾಕಿದ್ದೀರಿ ಎಂದೆ.

"ಅದು ಪ್ಲಾನು ಕಣಮ್ಮ," ಎಂದರು, ಮಗುವಿಗೆ ಹೇಳುವ ಹಾಗೆ. "ಪ್ಲಾನ್ ಬೇರೆ, ಮನೆ ಬೇರೆ."

ದೂರು ಕೊಡಲು ಹೋಗಲಿಲ್ಲವೇ ಎಂದು ಕೇಳುವವರಿದ್ದಾರೆ. ಹೋದೆ. ಮಂಜೂರಾತಿ ಆಫೀಸಿನವರು, ನಿಮ್ಮ ಮನೆ ಓನರು ಬಂದು ಬರೆದುಕೊಡಲಿ, ಬಾಡಿಗೆಯವರು ಕೊಟ್ಟರೆ ನಡೆಯುವುದಿಲ್ಲ ಎಂದರು. ನಮ್ಮ ಓನರು ಇದ್ದದ್ದು ಗಿರಿನಗರದಲ್ಲಿ. ನಾಳೆ ತಾವೂ ಮೇಲೆ ಕಟ್ಟುವವರು, ಇವತ್ತು ಯಾಕೆ ನಿಷ್ಠುರ ಮಾಡಿಕೊಳ್ಳುತ್ತಾರೆ? ಅಡ್ಜಸ್ಟ್ ಮಾಡಿಕೊಳ್ಳಿ ಎಂದರು. ಈ ಊರಿನಲ್ಲಿ ಆ ಮಾತು ಹೇಳುವವರು ಯಾರೂ ತಾವು ಅಡ್ಜಸ್ಟ್ ಮಾಡಿಕೊಂಡದ್ದನ್ನು ನಾನು ನೋಡಿಲ್ಲ.

ಮೂರಂತಸ್ತು ಎದ್ದಿತು. ನಮ್ಮ ನಡುಕೋಣೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ದೀಪ ಹಾಕಬೇಕಾಯಿತು. ಅಮ್ಮ ಟ್ಯೂಬ್‌ಲೈಟಿನ ಕೆಳಗೆ ಚಾಪೆ ಸರಿಸಿಕೊಂಡು ಕೂತಳು. ಎರಡು ತಿಂಗಳಿಗೆ ಆದದ್ದು ಆಯಿತು. ಒಬ್ಬರು ನವಿಲು ಬಣ್ಣದ ಸೀರೆ ತಂದುಕೊಟ್ಟಿದ್ದರು. ಅಂಥ ಸೀರೆಯಲ್ಲಿ ಉದ್ದದ ಎಳೆ ನೀಲಿ, ಅಡ್ಡದ ಎಳೆ ಹಸಿರು. ಎರಡೂ ಸೇರಿ ಆ ಹೊಳಪು. ಟ್ಯೂಬ್‌ಲೈಟಿನಲ್ಲಿ ಎರಡೂ ಒಂದೇ ಥರ ಕಂಡವು. ಅಮ್ಮ ಎರಡು ಕಡೆಗೂ ಹಸಿರನ್ನೇ ಹಾಕಿದ್ದಳು. ಸೀರೆ ಒಯ್ಯಲು ಬಂದಾಕೆ ಗೇಟಿನ ಹತ್ತಿರ ಹೋಗಿ ವಾಡಿಕೆಯಂತೆ ಸೀರೆಯನ್ನು ಬಿಸಿಲಿಗೆ ಹಿಡಿದರು. ಹೊಳೆಯುವ ಸೆರಗಿನ ನಡುವೆ ಪಾಚಿ ಕಟ್ಟಿದಂತೆ ಒಂದು ಮಂಕು ಚೌಕ. ಪರವಾಗಿಲ್ಲ ಬಿಡಿ, ಒಳಗೆ ಮಡಿಚಿ ಉಡುತ್ತೀನಿ ಎಂದು ಹೇಳಿ ಹೋದರು. ಬೈದಿದ್ದರೆ ಅಮ್ಮ ತಡೆದುಕೊಳ್ಳುತ್ತಿದ್ದಳು. ಅವತ್ತು ಅಮ್ಮ ಊಟ ಮಾಡಲಿಲ್ಲ. ತನ್ನ ಕಣ್ಣೇ ಹೋಯಿತೇನೋ ಎಂದು ಅವಳಿಗೆ ಹೆದರಿಕೆ ಹುಟ್ಟಿತ್ತು. ಕಣ್ಣಲ್ಲ ಅಮ್ಮ, ಬೆಳಕು ಎಂದರೆ ನಂಬಲಿಲ್ಲ. ಅವಳ ಕೈಯ ಮೇಲೆ ಅವಳಿಗಿದ್ದ ಧೈರ್ಯವೇ ಹೋಗಿತ್ತು. ಅದನ್ನು ಕಳೆದವಳು ನಾನು ಎಂದು ನನಗೆ ಗೊತ್ತಿತ್ತು.

ಆ ಭಾನುವಾರ ಹಳೆಯ ಬೀರುವಿನ ಬಾಗಿಲಿನಿಂದ ನಿಲುವುಗನ್ನಡಿ ಬಿಚ್ಚಿದೆ. ಪಕ್ಕದ ಕಟ್ಟಡ ಬೆಳಗಿನ ಬಿಸಿಲನ್ನು ತಿಂದಿತ್ತು, ಮಧ್ಯಾಹ್ನದ ಮೇಲೆ ಪಶ್ಚಿಮದಿಂದ ಬರುವ ಬಿಸಿಲು ಮಾತ್ರ ನಮ್ಮ ತಾರಸಿಯ ಮೇಲೆ ಬೀಳುತ್ತಿತ್ತು. ಕನ್ನಡಿಗೆ ಮರದ ಚೌಕಟ್ಟು ಹೊಡೆಸಿ, ತಾರಸಿಯ ಅಂಚಿನಿಂದ ಆಚೆ ಚಾಚಿದ ಎರಡು ಕಂಬಿಯ ಮೇಲೆ, ಪಶ್ಚಿಮಕ್ಕೆ ಮುಖ ಮಾಡಿ ಸ್ವಲ್ಪ ಕೆಳಕ್ಕೆ ಬಾಗಿಸಿ ನಿಲ್ಲಿಸಿದೆ. ಬಿಸಿಲು ಅದಕ್ಕೆ ತಾಗಿ ಎರಡು ಮನೆಗಳ ಸಂದಿಯೊಳಗೆ ನೆಟ್ಟಗೆ ಇಳಿಯಿತು. ಕೆಳಗೆ, ಕಿಟಕಿಯ ಮುಂದೆ, ಇನ್ನೊಂದು ಕನ್ನಡಿಯನ್ನು ಓರೆಯಾಗಿ ಒರಗಿಸಿದೆ. ಇಳಿದ ಬಿಸಿಲು ಅಲ್ಲಿಂದ ತಿರುಗಿ ಕಿಟಕಿಗೆ ನುಗ್ಗಿತು. ಅಮ್ಮ ಕಣ್ಣು ಮುಚ್ಚಿಕೊಂಡು, ಅಯ್ಯೋ ಕುಕ್ಕುತ್ತೆ ಕಣೇ ಎಂದಳು. ಆಫೀಸಿನಿಂದ ತಂದಿದ್ದ ಟ್ರೇಸಿಂಗ್ ಶೀಟನ್ನು ಕಿಟಕಿಗೆ ಅಂಟಿಸಿದೆ. ಚೂಪು ಬೆಳಕು ಹರಡಿ ಮೆತ್ತಗಾಯಿತು. ಕಿಟಕಿ ಪೂರ್ತಿ ಹಾಲಿನ ಹಾಗೆ ಬೆಳಗಿತು. ಸಂತೋಷಕ್ಕೆ ನನಗೆ ಅಳು ಬಂತು.

ತೊಂದರೆಯೂ ಇತ್ತು. ಸೂರ್ಯ ಒಂದು ಕಡೆ ನಿಲ್ಲುವವನಲ್ಲ, ಕನ್ನಡಿ ಒಂದು ಪಾಲು ಅಲ್ಲಾಡಿದರೆ ಬೆಳಕು ಎರಡು ಪಾಲು ಸರಿಯುತ್ತದೆ. ಹತ್ತು ನಿಮಿಷಕ್ಕೊಮ್ಮೆ ಮೆಟ್ಟಿಲು ಹತ್ತಿ ತಿರುಗಿಸಬೇಕು. ಇದಕ್ಕೆ ದಾರಿ ಕಂಡದ್ದು ಅಮ್ಮನೇ. ಚೌಕಟ್ಟಿನ ಮೇಲ್ತುದಿಗೆ ಒಂದು ಹುರಿ ಕಟ್ಟಿ, ಕಿಟಕಿಯ ಸರಳಿನ ಮೂಲಕ ಚಾಪೆಯ ತನಕ ಎಳೆದುಕೊಂಡಳು. ಬೆಳಕು ಮಂಕಾದರೆ ಕೂತಲ್ಲಿಂದಲೇ ಹುರಿಯನ್ನು ಒಂದಿಷ್ಟು ಎಳೆಯುವುದು, ಸರಳಿಗೆ ಸುತ್ತುವುದು, ಮತ್ತೆ ಸೂಜಿ. ಕಿಟಕಿಯ ಕಟ್ಟೆಯ ಮೇಲೆ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಹನ್ನೆರಡು, ಒಂದು, ಎರಡು ಎಂದು ಗಂಟೆಗಳನ್ನು ಬರೆದಿದ್ದಳು. ಹುರಿಯ ಗಂಟು ಯಾವ ಗಂಟೆಗೆ ಎಲ್ಲಿಗೆ ಬರಬೇಕು ಎಂದು. ನಾಲ್ಕು ಗಂಟೆಯ ಹೊತ್ತಿಗೆ ಮುಗಿಯುತ್ತಿತ್ತು. ಅವಳಿಗೆ ಅಷ್ಟು ಸಾಕಾಗಿತ್ತು. ನವಿಲು ಬಣ್ಣದ ಇನ್ನೊಂದು ಸೀರೆ ಬಂದಾಗ ನೀಲಿಯನ್ನು ನೀಲಿಯ ಜಾಗಕ್ಕೂ ಹಸಿರನ್ನು ಹಸಿರಿನ ಜಾಗಕ್ಕೂ ಹಾಕಿ, ತಾನೇ ಗೇಟಿಗೆ ಹೋಗಿ ಬಿಸಿಲಿಗೆ ಹಿಡಿದು ನೋಡಿ, ಒಳಗೆ ಬಂದಳು. ಅವತ್ತು ಎರಡು ಸಲ ಹುಳಿ ಹಾಕಿಸಿಕೊಂಡು ಉಂಡಳು.

ಮಳೆಗಾಲ ಕಳೆಯಿತು. ಒಂದು ಶನಿವಾರ ಪಕ್ಕದ ಮನೆ ಅಂಕಲ್ ಬಂದರು. ಕನ್ನಡಿ ತೆಗೆಯಬೇಕಂತೆ. ಕಣ್ಣಿಗೆ ಹೊಡೆಯುತ್ತದೆ ಎಂದಿದ್ದರೆ ಒಪ್ಪುತ್ತಿದ್ದೆ, ಆದರೆ ಅವರ ಕಡೆಗಿದ್ದದ್ದು ಕನ್ನಡಿಯ ಬೆನ್ನು. ವಿಷಯ ಬೇರೆ. ವಾಸ್ತು ನೋಡುವವರು ಬಂದಿದ್ದರಂತೆ. ಇವರ ನೈಋತ್ಯದ ಕೋಣೆಯಲ್ಲಿ ದುಡ್ಡಿನ ಬೀರು ಇದೆ. ಅದರ ಪಕ್ಕದಲ್ಲೇ ಪರರ ಕನ್ನಡಿ ನಿಂತು ಸಂದಿಯೊಳಕ್ಕೆ ಬಾಗಿದೆ. ಹಾಗಾಗಿ ಇವರ ಮನೆಯ ಲಕ್ಷ್ಮಿ ಕನ್ನಡಿಯಲ್ಲಿ ಇಳಿದು ನಮ್ಮ ಮನೆಗೆ ಬರುತ್ತಿದ್ದಾಳಂತೆ.

ನನಗೆ ನಗಬೇಕೋ ಚಚ್ಚಬೇಕೋ ತಿಳಿಯಲಿಲ್ಲ. ನಮ್ಮ ಮನೆಯ ಹಗಲನ್ನು ಹಾಡಹಗಲೇ ತೆಗೆದುಕೊಂಡವರಿಗೆ, ನಾವು ಅವರ ಅದೃಷ್ಟವನ್ನು ಕನ್ನಡಿಯಲ್ಲಿ ಕದಿಯುತ್ತಿದ್ದೇವೆ ಎನ್ನುವ ಭಯ. ಐದಡಿ ಬಿಟ್ಟಿದ್ದರೆ ಕನ್ನಡಿಯೇ ಇರುತ್ತಿರಲಿಲ್ಲವಲ್ಲ ಅಂಕಲ್, ನಿಮ್ಮ ವಾಸ್ತುವಿಗೆ ಓಟಿಎಸ್ ಬರುವುದಿಲ್ಲವೇ ಎಂದು ಗಂಟಲು ಹರಿಯುವಂತೆ ಕೇಳಿದೆ. ಅವರು ಜಗಳವಾಡಲಿಲ್ಲ. ಮೆತ್ತಗೆ ಮಾತಾಡುವವರು ಜಗಳವಾಡುವುದಿಲ್ಲ. ಗಿರಿನಗರದ ಓನರಿಗೆ ಫೋನು ಮಾಡಿ, ಸಂದಿಯಲ್ಲಿ ಮಳೆನೀರು ಬಿದ್ದು ಎರಡೂ ಗೋಡೆಗೆ ತೇವ ಹಿಡಿಯುತ್ತದೆ ಎಂದು ಒಪ್ಪಿಸಿ, ಮುಂದಿನ ವಾರವೇ ನಮ್ಮ ತಾರಸಿಯ ಅಂಚಿನಿಂದ ತಮ್ಮ ಗೋಡೆಯ ತನಕ ಉದ್ದಕ್ಕೂ ಸಿಮೆಂಟ್ ಶೀಟು ಹೊದಿಸಿದರು. ನಾನು ಆಫೀಸಿನಿಂದ ಬರುವಷ್ಟರಲ್ಲಿ ಮುಗಿದಿತ್ತು. ಕನ್ನಡಿ ತನ್ನ ಜಾಗದಲ್ಲೇ ನಿಂತು ಉಳಿದಿದ್ದ ಇಳಿಬಿಸಿಲನ್ನು ಶೀಟಿನ ಮೇಲೆ ಸುರಿಯುತ್ತಿತ್ತು. ಹುರಿ ಶೀಟಿನ ಕೆಳಗೆ ಸಿಕ್ಕಿಕೊಂಡು ತುಂಡಾಗಿತ್ತು.

ಮರುದಿನದಿಂದ ಅಮ್ಮ ಗೇಟಿನ ಮೆಟ್ಟಿಲ ಮೇಲೆ ಕೂತು ಕೆಲಸ ಮಾಡತೊಡಗಿದಳು. ರಸ್ತೆಯ ಧೂಳು ರೇಷ್ಮೆಗೆ ಕೂರದಂತೆ ತೊಡೆಯ ಮೇಲೆ ಹಳೆಯ ಪಂಚೆ ಹೊದ್ದು, ತೂತಿದ್ದಷ್ಟೇ ಜಾಗ ಹೊರಗಿಟ್ಟುಕೊಂಡು. ಹೋಗಿಬರುವವರೆಲ್ಲ ನೋಡುತ್ತಿದ್ದರು. ಒಂದು ಸಂಜೆ ನಾನು ಬಸ್ಸಿಳಿದು ಬರುವಾಗ ಅಂಕಲ್ ವಾಕಿಂಗ್ ಹೊರಟಿದ್ದವರು ನಿಂತು ಅಮ್ಮನಿಗೆ ಬುದ್ಧಿ ಹೇಳುತ್ತಿದ್ದರು.

"ಬೀದೀಲಿ ಕೂತ್ಕೋತೀರಲ್ಲಮ್ಮ, ಚೆನ್ನಾಗಿರಲ್ಲ. ಒಳಗಡೆ ಒಂದು ಲೈಟ್ ಹಾಕ್ಕೊಂಡು ಮಾಡ್ಬಾರ್ದಾ?"

ಅವರು ಹೋದ ಮೇಲೆ ನಾನು ಸಿಡಿದೆ. ಅವರನ್ನು, ಅವರ ವಾಸ್ತುವನ್ನು, ನಮ್ಮ ಓನರನ್ನು, ನನ್ನ ಸಾರನ್ನು, ಈ ಊರನ್ನು, ಯಾರನ್ನೂ ಬಿಡದೆ ಬೈದೆ. ಅಮ್ಮ ಎಳೆ ಕಚ್ಚಿ ಕತ್ತರಿಸಿದಳು. ಆಮೇಲೆ ತಲೆಯೆತ್ತದೆ ಕೇಳಿದಳು.

"ಆಕಾಶ ಬಿಟ್ಟಿದಾರೆ ಅಂತ ಬರ್ದೋಳು ನೀನೇ ಅಲ್ವೇನೇ?"

ನಾನು ಹೂಂ ಎಂದೆ.

"ನಾಳೇನೂ ಬರೀತೀಯಾ?"

ಅದರಲ್ಲಿ ಕೊಂಕು ಇರಲಿಲ್ಲ. ನಾಳೆ ಸಾರು ಮಾಡುತ್ತೀಯಾ ಎಂದು ಕೇಳಿದಂತೆ ಕೇಳಿದ್ದಳು. ಅವತ್ತು ಬೆಳಿಗ್ಗೆ ಉತ್ತರಹಳ್ಳಿಯ ಒಂದು ಸೈಟಿನ ಪ್ಲಾನಿಗೆ ಓಟಿಎಸ್ ಬರೆದೇ ಬಂದಿದ್ದೆ. ಎಲ್ಲ ಗೊತ್ತಾದ ಮೇಲೂ, ಅಷ್ಟು ತಿಂಗಳು, ಅದೇ ಚೌಕ, ಅದೇ ಎರಡು ಗೆರೆ, ಅದೇ ಚೆಂದದ ಅಕ್ಷರ.

ಮರುದಿನ ಆ ಟ್ರೇಸಿಂಗ್ ಶೀಟನ್ನು ಮತ್ತೆ ಮುಂದೆ ಹಾಕಿಕೊಂಡೆ. ಓಟಿಎಸ್ ಎಂದಿದ್ದ ಜಾಗದ ಕೆಳಗೆ, ಅದೇ ಇಂಕಿನಲ್ಲಿ, ಅದೇ ಅಳತೆಯ ಅಕ್ಷರದಲ್ಲಿ, 'ಇದನ್ನು ಮುಚ್ಚಲಾಗುವುದು' ಎಂದು ಬರೆದೆ. ಸಹಿಗೆ ಕಳಿಸಿದೆ. ಸಾರ್ ಕರೆದರು. ಅವರಿಗೆ ಕೋಪ ಬಂದಂತೆ ಕಾಣಲಿಲ್ಲ, ಬೇಸರವಾದಂತೆ ಕಂಡಿತು. ಡ್ರಾಯರಿನಿಂದ ಹೊಸ ಬ್ಲೇಡು ತೆಗೆದು ಶೀಟಿನ ಮೇಲಿಟ್ಟರು.

"ಕೆರೆದು ತೆಗಿಯಮ್ಮ," ಎಂದರು.

ಅವರ ಎದುರಿಗೇ ನಿಂತು ಕೆರೆದೆ. ಮೊದಲು ನಾನು ಬರೆದ ನಿಜವನ್ನು ಕೆರೆದೆ. ಆಮೇಲೆ ಕೈ ನಿಲ್ಲಲಿಲ್ಲ, ಮೇಲಿದ್ದ ಓಟಿಎಸ್ಸನ್ನೂ ಕೆರೆದೆ, ಎರಡು ಗೆರೆಗಳನ್ನೂ ಕೆರೆದೆ. ಹಗುರವಾಗಿ ಕೆರೆಯಬೇಕು ಎನ್ನುವುದು ಆ ಕೆಲಸದ ಮೊದಲ ಪಾಠ. ಶೀಟು ತೆಳುವಾಗುತ್ತಾ ಬಂದು ಹರಿಯಿತು. ಮನೆಯ ನಡುವೆ, ಸರಿಯಾಗಿ ಓಟಿಎಸ್ ಇದ್ದ ಜಾಗದಲ್ಲಿ, ಒಂದು ತೂತು ಬಿತ್ತು. ಅದರೊಳಗಿಂದ ಸಾರ್ ಅವರ ಮೇಜಿನ ಗಾಜು ಕಾಣುತ್ತಿತ್ತು. ನಾಳೆಯಿಂದ ಬರಬೇಡ ಎಂದು ಅವರು ಹೇಳುವ ಮೊದಲೇ ನಾನು ಶೀಟನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡಿದ್ದೆ.

ಮನೆಗೆ ಬಂದಾಗ ಮಧ್ಯಾಹ್ನ. ಅಮ್ಮ ಮೆಟ್ಟಿಲ ಮೇಲಿದ್ದಳು. ಶೀಟನ್ನು ಅವಳ ಕೈಗೆ ಕೊಟ್ಟು ನಡೆದದ್ದನ್ನು ಹೇಳಿದೆ. ಕೆಲಸ ಹೋದದ್ದಕ್ಕೆ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೀರೆಯನ್ನು ಪಕ್ಕಕ್ಕಿಟ್ಟು, ಶೀಟು ಬಿಚ್ಚಿ, ವಾಡಿಕೆಯಂತೆ ಬಿಸಿಲಿಗೆ ಹಿಡಿದಳು. ತೂತಿನಿಂದ ಬಂದ ಬಿಸಿಲು ಅವಳ ಕೆನ್ನೆಯ ಮೇಲೆ ಬಿತ್ತು. ಹರಿದ ಅಂಚಿನ ಸುತ್ತ ಬೆರಳಾಡಿಸಿ, ಎಷ್ಟು ಅಗಲ, ಎಷ್ಟು ಉದ್ದ ಎಂದು ನೋಡಿದಳು. ಕೈಗೆ ಬಂದ ತೂತನ್ನೆಲ್ಲ ಅವಳು ನೋಡುತ್ತಿದ್ದದ್ದೇ ಹಾಗೆ.

"ಇದನ್ನ ಮುಚ್ಚೋದು ಬೇಡ," ಎಂದು ಶೀಟನ್ನು ಸುತ್ತಿ ನನ್ನ ಕೈಗೆ ಕೊಟ್ಟು, ಮತ್ತೆ ಸೂಜಿ ತೆಗೆದುಕೊಂಡಳು.